ಕಾರಣ ಕಳೆದುಕೊಂಡ ವಾಕ್ಯಗಳು

1999ರ ಡಿಸೆಂಬರ್ 3ರಂದು ಮಂಗಳದ ದಕ್ಷಿಣ ಧ್ರುವದ ಹತ್ತಿರ ಇಳಿಯಬೇಕಿದ್ದ ಮಾರ್ಸ್ ಪೋಲಾರ್ ಲ್ಯಾಂಡರ್ ಮತ್ತೆ ಮಾತಾಡಲಿಲ್ಲ. ಇಳಿಯುವಾಗಿನ ಯಾವ ಸಂಕೇತವೂ ಸಿಗದ ಕಾರಣ ಹೀಗೇ ಆಯಿತೆಂದು ಸಾಬೀತುಪಡಿಸುವುದು ಸಾಧ್ಯವಿಲ್ಲ. ಆದರೂ 2000ದ ಮಾರ್ಚ್‌ನಲ್ಲಿ ಬಂದ ತನಿಖಾ ವರದಿ ಒಂದು ಕಾರಣವನ್ನು ಎಲ್ಲಕ್ಕಿಂತ ಸಂಭವನೀಯ ಎಂದು ಗುರುತಿಸಿತು. ನೆಲದಿಂದ ಸುಮಾರು 1,500 ಮೀಟರ್ ಮೇಲಿರುವಾಗ ಲ್ಯಾಂಡರಿನ ಮೂರು ಕಾಲುಗಳು ಬಿಚ್ಚಿಕೊಳ್ಳುತ್ತವೆ. ಆ ಜಗ್ಗಿಗೆ ಕಾಲಿನಲ್ಲಿರುವ ಸ್ಪರ್ಶ ಸೆನ್ಸರ್ ಕ್ಷಣಕಾಲ ‘ನೆಲ ತಾಕಿತು’ ಎನ್ನುತ್ತದೆ. ಸಾಫ್ಟ್‌ವೇರ್ ಆ ಸುಳ್ಳನ್ನು ನೆನಪಿನಲ್ಲಿ ಇಟ್ಟುಕೊಂಡಿತು. 40 ಮೀಟರ್ ಎತ್ತರದಲ್ಲಿ ‘ಇನ್ನು ಸೆನ್ಸರ್ ಮಾತು ಕೇಳಬಹುದು’ ಎಂಬ ಹಂತ ಬಂದಾಗ ಹಳೆಯ ಸುಳ್ಳೇ ಕೈಗೆ ಸಿಕ್ಕಿ ಎಂಜಿನ್ ಆರಿತು. ಸೆಕೆಂಡಿಗೆ ಸುಮಾರು 2.4 ಮೀಟರ್ ವೇಗದಲ್ಲಿ ನೆಲ ಮುಟ್ಟಬೇಕಿದ್ದ ನೌಕೆ 22 ಮೀಟರ್ ವೇಗದಲ್ಲಿ ಅಪ್ಪಳಿಸಿರಬೇಕು.

ರಿಕ್ವೈರ್‌ಮೆಂಟ್‌ಗಳ, ಅಂದರೆ ಸಿಸ್ಟಂ ಏನು ಮಾಡಬೇಕೆಂದು ಬರೆದಿಡುವ ವಾಕ್ಯಗಳ, ಕೆಲಸ ಮಾಡುವವರು ಈ ವರದಿಯಲ್ಲಿ ಓದಬೇಕಾದ ಭಾಗ ಬೇರೆಯೇ ಇದೆ. ಸಿಸ್ಟಂ ಮಟ್ಟದ ರಿಕ್ವೈರ್‌ಮೆಂಟ್ ಎರಡು ಮಾತು ಹೇಳಿತ್ತು: ಪ್ರೊಸೆಸರ್ ಮೇಲಿನ ಹೊರೆ ಏರಿಳಿಯದಿರಲಿ ಎಂದು ಸೆನ್ಸರ್‌ಗಳನ್ನು ವಾತಾವರಣ ಪ್ರವೇಶಕ್ಕೆ ಮೊದಲೇ 100 ಹರ್ಟ್ಸ್ ದರದಲ್ಲಿ ಓದಲು ಶುರುಮಾಡಬೇಕು, ಆದರೆ ನೆಲದಿಂದ 12 ಮೀಟರ್ ಎತ್ತರಕ್ಕೆ (ಸಾಫ್ಟ್‌ವೇರಿನಲ್ಲಿ ಅದು 40 ಆಗಿತ್ತು) ಬರುವ ತನಕ ಆ ಓದನ್ನು ಬಳಸಬಾರದು. ಕೆಳಗಿನ ಸಾಫ್ಟ್‌ವೇರ್ ರಿಕ್ವೈರ್‌ಮೆಂಟ್‌ಗೆ ಓದುವ ಮಾತು ಸರಿಯಾಗಿ ಇಳಿಯಿತು. ಬಳಸಬಾರದೆಂಬ ಮಾತು ಅದೇ ಬಿಗಿಯಲ್ಲಿ ಇಳಿಯಲಿಲ್ಲ. ಇನ್ನು ಬಳಸಬಾರದು ಏಕೆ, ಅಂದರೆ ಕಾಲು ಬಿಚ್ಚುವಾಗ ಸುಳ್ಳು ಸಂಕೇತ ಬರುತ್ತದೆ ಎಂಬುದು ರಿಕ್ವೈರ್‌ಮೆಂಟ್‌ನಲ್ಲಿ ಎಲ್ಲೂ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ ವಾಕ್ಯ ವಾಕ್ಯವನ್ನು ಹೆತ್ತಿತು. ಕಾರಣ ಮೇಲಿನವರ ತಲೆಯಲ್ಲೇ ಉಳಿಯಿತು.

ಇಂಥದ್ದನ್ನು ಕಂಡಾಗ ‘ವಾಕ್ಯವನ್ನು ಇನ್ನೂ ಚೆನ್ನಾಗಿ ಬರೆಯಬೇಕಿತ್ತು’ ಎನ್ನುವವರೇ ಹೆಚ್ಚು. ಬರವಣಿಗೆ ಮುಖ್ಯ, ನಿಜ. 2009ರಲ್ಲಿ ರೋಲ್ಸ್ ರಾಯ್ಸ್‌ನ ಅಲಿಸ್ಟರ್ ಮಾವಿನ್ ಮತ್ತು ಸಂಗಡಿಗರು ಮುಂದಿಟ್ಟ ‘ಈಯರ್ಸ್’ ವಾಕ್ಯಮಾದರಿಗಳು ‘ಯಾವಾಗ, ಯಾವ ಸ್ಥಿತಿಯಲ್ಲಿ, ಯಾರು, ಏನು ಮಾಡಬೇಕು’ ಎಂಬ ಅಚ್ಚಿಗೆ ಮಾತನ್ನು ಇಳಿಸಿ ಅರ್ಧ ಗೊಂದಲ ನಿವಾರಿಸುತ್ತವೆ. ಆದರೆ ಎಷ್ಟೇ ಅಚ್ಚುಕಟ್ಟಾದ ವಾಕ್ಯವೂ ತನ್ನ ಕಾರಣವನ್ನು, ತಾನು ನಂಬಿಕೊಂಡ ಊಹೆಯನ್ನು, ತನ್ನ ಅಂಕಿ ಎಲ್ಲಿಂದ ಬಂತೆಂಬುದನ್ನು ಬೆನ್ನ ಮೇಲೆ ಹೊತ್ತು ತಿರುಗಲಾರದು. ಅವಕ್ಕೆ ಬೇರೆ ಜಾಗ ಬೇಕು. ಮಾಹಿತಿ ಮಾದರಿ ಅನ್ನುವುದು ಆ ಜಾಗ ಮಾಡಿಕೊಡುವ ಕೆಲಸ.

ಹೆಸರು ಕೇಳಿ ಹೆದರಬೇಕಾಗಿಲ್ಲ. ನಮ್ಮ ಪ್ರಾಜೆಕ್ಟಿನಲ್ಲಿ ಯಾವ ಯಾವ ಬಗೆಯ ಸಂಗತಿಗಳಿವೆ, ಯಾವುದಕ್ಕೂ ಯಾವುದಕ್ಕೂ ಯಾವ ಸಂಬಂಧ ಇರಬಹುದು, ಯಾವ ಸಂಬಂಧ ಇರಲೇಬೇಕು ಎಂಬ ಒಪ್ಪಂದ ಅದು, ಅಷ್ಟೇ. 1976ರಲ್ಲಿ ಪೀಟರ್ ಚೆನ್ ಡೇಟಾಬೇಸ್‌ಗಳಿಗಾಗಿ ಬರೆದ ವಸ್ತು-ಸಂಬಂಧ ಮಾದರಿ ಗೊತ್ತಿರುವವರಿಗೆ ಇದರಲ್ಲಿ ಹೊಸದೇನೂ ಕಾಣದು. ಒಂದೇ ಹಾಳೆಯಲ್ಲಿ ಬಿಡಿಸಬಹುದು, ಬಿಡಿಸಲೇಬೇಕು. ಹಾಳೆ ಸಾಲದೆ ಗೋಡೆ ಬೇಕಾದರೆ ಆ ಮಾದರಿ ಬಳಕೆಗೆ ಬರುವುದು ಕಷ್ಟ.

ಶುರುಮಾಡುವಾಗ ಉಪಕರಣ ಕೊಳ್ಳುವುದಕ್ಕಿಂತ, ಚೌಕ-ಬಾಣ ಎಳೆಯುವುದಕ್ಕಿಂತ ಮೊದಲು ಪ್ರಶ್ನೆಗಳನ್ನು ಬರೆದುಕೊಳ್ಳಬೇಕು. ಈ ಅಂಕಿ ಬದಲಾದರೆ ಯಾವ ಪರೀಕ್ಷೆ ಮತ್ತೆ ಮಾಡಬೇಕು? ಈ ಭಾಗ ಸಿಗದೇ ಹೋದರೆ ಗ್ರಾಹಕರಿಗೆ ಕೊಟ್ಟ ಯಾವ ಮಾತು ತಪ್ಪುತ್ತದೆ? ಈ ಊಹೆ ಸುಳ್ಳಾದರೆ ಯಾವ ಲೆಕ್ಕ ಬೀಳುತ್ತದೆ? ಹದಿನೈದು ಇಪ್ಪತ್ತು ಇಂಥ ಪ್ರಶ್ನೆ ಸಿಕ್ಕರೆ ಸಾಕು. ಅವುಗಳಲ್ಲಿರುವ ನಾಮಪದಗಳೇ ಮಾದರಿಯ ವಸ್ತುಗಳಾಗುತ್ತವೆ, ಕ್ರಿಯಾಪದಗಳು ಕೊಂಡಿಗಳಾಗುತ್ತವೆ. ಬಹುತೇಕ ಕಡೆ ಕೊನೆಗೆ ಉಳಿಯುವುದು ಹತ್ತರ ಆಸುಪಾಸು: ಬಳಕೆದಾರರ ಬೇಡಿಕೆ, ರಿಕ್ವೈರ್‌ಮೆಂಟ್, ಕಾರ್ಯ, ಭಾಗ, ಇಂಟರ್‌ಫೇಸ್ (ಎರಡು ಭಾಗ ಕೂಡುವ ಜಾಗ), ಪರಿಮಾಣ (ಅಳೆಯುವ ಅಂಕಿ), ಊಹೆ, ವಿಶ್ಲೇಷಣೆ, ಪರೀಕ್ಷೆ, ಪರೀಕ್ಷೆಯ ಫಲಿತಾಂಶ. ಇವುಗಳಲ್ಲಿ ಪರಿಮಾಣ, ಊಹೆ, ವಿಶ್ಲೇಷಣೆ ಈ ಮೂರನ್ನು ಬಿಡುವವರೇ ಜಾಸ್ತಿ. ನನ್ನ ಮಟ್ಟಿಗೆ ಮಾದರಿಯ ಜೀವ ಇರುವುದೇ ಆ ಮೂರರಲ್ಲಿ.

ಒಂದು ರೈಲಿನ ತುರ್ತು ಬ್ರೇಕನ್ನು ತೆಗೆದುಕೊಳ್ಳೋಣ. ‘ಗಂಟೆಗೆ 80 ಕಿ.ಮೀ. ವೇಗದಿಂದ 250 ಮೀಟರ್ ಒಳಗೆ ನಿಲ್ಲಬೇಕು’ ಎಂಬುದು ಮೇಲಿನ ರಿಕ್ವೈರ್‌ಮೆಂಟ್. 80 ಕಿ.ಮೀ. ಅಂದರೆ ಸೆಕೆಂಡಿಗೆ 22.2 ಮೀಟರ್. ವೇಗ ತಗ್ಗುವ ದರ ಸೆಕೆಂಡ್ ವರ್ಗಕ್ಕೆ 1.2 ಮೀಟರ್ ಎಂದಿಟ್ಟುಕೊಂಡರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ 205.8 ಮೀಟರ್. ಹಿಡಿಯುವ ಮೊದಲಿನ ಒಟ್ಟು ವಿಳಂಬ 1.5 ಸೆಕೆಂಡ್ ಆದರೆ ಇನ್ನೂ 33.3 ಮೀಟರ್. ಕೂಡಿದರೆ 239.1, ಉಳಿತಾಯ ಸುಮಾರು 11 ಮೀಟರ್. ಆ ಒಂದೂವರೆ ಸೆಕೆಂಡನ್ನು ನಾಲ್ವರಿಗೆ ಹಂಚಲಾಗುತ್ತದೆ: ಅಪಾಯ ಗುರುತಿಸಲು 0.3, ಸಂದೇಶ ಸಾಗಿಸಲು 0.2, ಬ್ರೇಕ್ ಕಂಟ್ರೋಲರ್‌ಗೆ 0.2, ಗಾಳಿಯ ಒತ್ತಡ ಏರಲು 0.8.

ಇದನ್ನು ದಾಖಲೆಯಲ್ಲಿ ಬರೆದರೆ ಒಂದು ತಾಯಿ ವಾಕ್ಯ, ಐದು ಮಕ್ಕಳ ವಾಕ್ಯ (ನಾಲ್ಕು ವಿಳಂಬ, ಒಂದು ವೇಗ ತಗ್ಗುವ ದರ), ನಡುವೆ ಐದು ಕೊಂಡಿ. ನೋಡಲು ಚೆನ್ನಾಗಿಯೇ ಇದೆ. ಈಗ ಸಂವಹನ ತಂಡದವರು ಬಂದು ‘ನಮ್ಮ ನೆಟ್‌ವರ್ಕ್ ಬದಲಾಗಿದೆ, 0.2 ಸಾಲದು, 0.7 ಸೆಕೆಂಡ್ ಬೇಕು’ ಎನ್ನುತ್ತಾರೆ. ಅರ್ಧ ಸೆಕೆಂಡ್ ತಾನೇ ಎಂದು ಒಪ್ಪಿಗೆ ಸಿಗುತ್ತದೆ. ಆದರೆ ಆ ಅರ್ಧ ಸೆಕೆಂಡಿನಲ್ಲಿ ರೈಲು 11.1 ಮೀಟರ್ ಓಡುತ್ತದೆ. ಒಟ್ಟು ದೂರ 250.2 ಮೀಟರ್ ಆಗಿ, ಇಪ್ಪತ್ತು ಸೆಂಟಿಮೀಟರಿನಲ್ಲಿ ಮೇಲಿನ ಮಾತು ಮುರಿದು ಬೀಳುತ್ತದೆ. ಹನಿಗೂಡಿ ಹಳ್ಳವಾಯಿತು. ದಾಖಲೆಯಲ್ಲಿರುವ ಐದೂ ಕೊಂಡಿಗಳು ಮಾತ್ರ ಹಾಗೇ ಇವೆ, ಹಸಿರು ಬಣ್ಣದಲ್ಲಿ. ಒಬ್ಬೊಬ್ಬರೂ ತಮ್ಮ ವಾಕ್ಯವನ್ನು ಪಾಲಿಸಿದ್ದಾರೆ, ತಾಯಿ ವಾಕ್ಯವನ್ನು ಯಾರೂ ಪಾಲಿಸಿಲ್ಲ.

ಇಲ್ಲಿ ಬೇಕಿದ್ದದ್ದು ತಾಯಿ-ಮಕ್ಕಳ ನಡುವೆ ಕೂರುವ ಒಂದು ವಿಶ್ಲೇಷಣೆ ವಸ್ತು. ಅದರೊಳಗೆ ಸೂತ್ರ ಇರುತ್ತದೆ. ಅದಕ್ಕೆ ಒಳಬರುವ ಕೊಂಡಿಗಳು ಪರಿಮಾಣಗಳಿಂದ: ವೇಗ, ದರ, ನಾಲ್ಕು ವಿಳಂಬಗಳು, ಪ್ರತಿಯೊಂದಕ್ಕೂ ಮೌಲ್ಯ, ಏಕಮಾನ, ಸಹನಮಿತಿ. ಹೊರಹೋಗುವ ಕೊಂಡಿ ತಾಯಿಯ 250ಕ್ಕೆ. ಪಕ್ಕದಲ್ಲಿ ಊಹೆಗಳು: ಹಳಿ ಒಣಗಿದೆ, ದಾರಿ ಸಮತಟ್ಟು, ಗಾಡಿಯ ತೂಕ ಇಷ್ಟರೊಳಗೆ. ಹಳಿ ಒದ್ದೆಯಾಗಿ ದರ 1.1ಕ್ಕೆ ಇಳಿದರೆ ದೂರ 257.8 ಮೀಟರ್ ಆಗುತ್ತದೆ. ಅಂದರೆ ಒಣ ಹಳಿಯ ಊಹೆ ಅಡಿಟಿಪ್ಪಣಿಗೆ ಸೇರಬೇಕಾದ ಸಣ್ಣ ವಿಷಯ ಅಲ್ಲ. ಇಡೀ ರಿಕ್ವೈರ್‌ಮೆಂಟ್ ಅದರ ಮೇಲೆ ನಿಂತಿದೆ. ಅದಕ್ಕೆ ತನ್ನದೇ ಗುರುತು ಸಂಖ್ಯೆ, ಹೊಣೆ ಹೊತ್ತವರ ಹೆಸರು, ಮತ್ತೆ ಪರಿಶೀಲಿಸಬೇಕಾದ ದಿನಾಂಕ ಬೇಕು.

ಊಹೆಗೆ ಗುರುತು ಸಂಖ್ಯೆ ಕೊಡುವುದು ಅತಿಯಾಯಿತು ಅನ್ನಿಸುವವರು ಏರಿಯಾನ್ 5ರ ಮೊದಲ ಹಾರಾಟವನ್ನು ನೆನೆಯಬೇಕು. 1996ರ ಜೂನ್ 4ರಂದು ಮುಖ್ಯ ಎಂಜಿನ್ ಹೊತ್ತಿ ಸುಮಾರು 37 ಸೆಕೆಂಡಿಗೆ ರಾಕೆಟ್ ದಾರಿ ತಪ್ಪಿತು. 64 ಬಿಟ್‌ನ ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತುಂಬಲು ಹೋಗಿ ಅದು ಹಿಡಿಸಲಿಲ್ಲ ಎಂಬಷ್ಟು ಎಲ್ಲರಿಗೂ ಗೊತ್ತು. ವರದಿಯ ಇನ್ನೊಂದು ಅಂಶ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅಂಥ ಅಪಾಯವಿರುವ ಏಳು ಚರಾಂಕಗಳನ್ನು ತಂಡ ಮೊದಲೇ ಗುರುತಿಸಿತ್ತು. ಪ್ರೊಸೆಸರ್ ಹೊರೆ 80% ಮೀರಬಾರದು ಎಂಬ ಗುರಿ ಇದ್ದುದರಿಂದ ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟು, ಮೂರನ್ನು ಬಿಡಲು ಒಪ್ಪಿತ್ತು. ಬಿಟ್ಟವು ಭೌತಿಕವಾಗಿಯೇ ಮಿತಿಯೊಳಗಿರುತ್ತವೆ ಅಥವಾ ಸಾಕಷ್ಟು ಅಂತರವಿದೆ ಎಂಬುದು ಊಹೆ. ಆ ನಿರ್ಧಾರದ ಸಮರ್ಥನೆ ಕೋಡ್‌ನಲ್ಲಿ ಇರಲಿಲ್ಲ. ದಾಖಲೆಗಳ ರಾಶಿಯಲ್ಲಿ ಅದು ಹೊರಗಿನ ಪರಿಶೀಲಕರ ಕಣ್ಣಿಗೆ ಬೀಳದಂತೆ ಹುದುಗಿಹೋಗಿತ್ತು. ಈ ಸಾಫ್ಟ್‌ವೇರ್ ಬಂದದ್ದು ಹಿಂದಿನ ರಾಕೆಟ್ ಏರಿಯಾನ್ 4ರಿಂದ, ಅಲ್ಲಿ ಆ ಊಹೆ ಸತ್ಯವಾಗಿತ್ತು. ಏರಿಯಾನ್ 5ರ ಪಥದಲ್ಲಿ ಅಡ್ಡವೇಗ ಬಹಳ ಬೇಗ ಏರುತ್ತದೆ, ಮತ್ತು ಆ ಪಥದ ಮಾಹಿತಿ ಈ ಸಾಫ್ಟ್‌ವೇರ್ ಇದ್ದ ಮಾರ್ಗದರ್ಶಿ ಉಪಕರಣದ ರಿಕ್ವೈರ್‌ಮೆಂಟ್‌ನಲ್ಲಿ ಸೇರಿಯೇ ಇರಲಿಲ್ಲ. ‘ಪಥ’ ಎಂಬ ಪರಿಮಾಣದಿಂದ ‘ಮಿತಿಯೊಳಗಿದೆ’ ಎಂಬ ಊಹೆಗೆ ಒಂದು ಕೊಂಡಿ ಇದ್ದಿದ್ದರೆ, ಪಥ ಬದಲಾದ ದಿನವೇ ಯಾರಾದರೂ ಆ ಊಹೆಯ ಬಾಗಿಲು ತಟ್ಟಲೇಬೇಕಾಗುತ್ತಿತ್ತು.

ಏಕಮಾನದ ವಿಷಯ ಎಲ್ಲರಿಗೂ ಗೊತ್ತು, ಆದರೂ ತಪ್ಪುತ್ತದೆ. 1999ರ ಸೆಪ್ಟೆಂಬರ್ 23ರಂದು ಕಳೆದುಹೋದ ಮಾರ್ಸ್ ಕ್ಲೈಮೇಟ್ ಆರ್ಬಿಟರ್‌ನಲ್ಲಿ ಒಂದು ಕಡೆ ಪೌಂಡ್-ಸೆಕೆಂಡ್, ಇನ್ನೊಂದು ಕಡೆ ನ್ಯೂಟನ್-ಸೆಕೆಂಡ್, 4.45 ಪಟ್ಟು ವ್ಯತ್ಯಾಸ. ಮಂಗಳದಿಂದ 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದದ್ದು ಸುಮಾರು 57ರಲ್ಲಿ ಹಾಯಿತು. ಮೆಟ್ರಿಕ್ ಬಳಸಬೇಕೆಂದು ಇಂಟರ್‌ಫೇಸ್ ದಾಖಲೆ ಹೇಳಿಯೇ ಇತ್ತು. ವಾಕ್ಯದಲ್ಲಿ ಏಕಮಾನ ಇದ್ದರೆ ಮನುಷ್ಯ ಓದಬೇಕು. ಪರಿಮಾಣ ವಸ್ತುವಿನ ಗುಣವಾಗಿ ಇದ್ದರೆ ಎರಡು ತುದಿ ಹೊಂದದಿರುವುದನ್ನು ಯಂತ್ರವೇ ಕೂಗಿ ಹೇಳುತ್ತದೆ. ವ್ಯತ್ಯಾಸ ಇಷ್ಟೇ.

ಕೊಂಡಿಗಳ ಕಡೆ ಬಂದರೆ, ಅಲ್ಲಿ ಹೆಚ್ಚು ಕೆಡುಕು ಮಾಡುವುದು ‘ಸಂಬಂಧವಿದೆ’ ಎಂಬ ಹೆಸರಿನ ಕೊಂಡಿ. ಏನು ಸಂಬಂಧ ಎಂದು ಹೇಳದ ಬಾಣ ಸೋಮಾರಿಗಳ ಸ್ವರ್ಗ. ವ್ಯವಸ್ಥೆಗಳ ಮಾದರಿ ಬರೆಯಲೆಂದೇ ಇರುವ, 2007ರಲ್ಲಿ ಹೊರಬಂದ ಸಿಸ್‌ಎಂಎಲ್ 1.0 ಭಾಷೆ ಈ ಕೊಂಡಿಗಳಿಗೆ ಬೇರೆಬೇರೆ ಹೆಸರು ಕೊಟ್ಟಿತು: ಒಂದರಿಂದ ಇನ್ನೊಂದು ಹುಟ್ಟಿತು, ಈ ಭಾಗ ಈ ರಿಕ್ವೈರ್‌ಮೆಂಟನ್ನು ಪೂರೈಸುತ್ತದೆ, ಈ ಪರೀಕ್ಷೆ ಅದನ್ನು ದೃಢಪಡಿಸುತ್ತದೆ, ಇದು ಅದನ್ನು ವಿವರಿಸುತ್ತದೆ. ಜೊತೆಗೆ ‘ಟ್ರೇಸ್’ ಎಂಬ ಸಡಿಲ ಕೊಂಡಿಯನ್ನೂ ಉಳಿಸಿತು. ನಿಮ್ಮ ಮಾದರಿಯಲ್ಲಿ ಆ ಸಡಿಲ ಕೊಂಡಿಯ ಬಳಕೆ ಎಷ್ಟು ಎಂದು ಒಮ್ಮೆ ಎಣಿಸಿ ನೋಡಿ. ಅರ್ಧಕ್ಕಿಂತ ಹೆಚ್ಚಿದ್ದರೆ ಮಾದರಿ ಇನ್ನೂ ಹುಟ್ಟಿಲ್ಲ, ದಾಖಲೆಗೇ ಹೊಸ ಅಂಗಿ ತೊಡಿಸಿದ್ದೀರಿ.

ಹೆಸರುಗಳಲ್ಲೂ ಒಂದು ಹೊಂಡ ಇದೆ. ಸಿಸ್‌ಎಂಎಲ್‌ನಲ್ಲಿ ‘ಡಿರೈವ್ಡ್’ ಅಂದರೆ ಮೇಲಿನ ರಿಕ್ವೈರ್‌ಮೆಂಟ್‌ನಿಂದ ಹುಟ್ಟಿದ್ದು. ವಿಮಾನದ ಸಾಫ್ಟ್‌ವೇರ್‌ಗೆ ಸಂಬಂಧಿಸಿದ ಡಿಒ-178ಸಿ ಮಾನದಂಡದಲ್ಲಿ ಅದೇ ಪದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ ಅರ್ಥ: ಮೇಲಿನ ಯಾವುದಕ್ಕೂ ನೇರ ಜಾಡು ಸಿಗದ, ವಿನ್ಯಾಸದ ನಡುವೆ ಹುಟ್ಟಿಕೊಂಡ ರಿಕ್ವೈರ್‌ಮೆಂಟ್. ಅಂಥದ್ದನ್ನು ಸುರಕ್ಷತಾ ವಿಶ್ಲೇಷಣೆ ಮಾಡುವವರ ಗಮನಕ್ಕೆ ತರಲೇಬೇಕು. ಎರಡೂ ಹಿನ್ನೆಲೆಯವರು ಒಂದೇ ಮೇಜಿಗೆ ಕೂತರೆ ಒಬ್ಬರು ಹೌದೆಂದದ್ದು ಇನ್ನೊಬ್ಬರಿಗೆ ಅಲ್ಲ ಎಂದು ಕೇಳಿಸುತ್ತದೆ. ಅದಕ್ಕೇ ಮಾದರಿಯ ಪ್ರತಿ ವಸ್ತುವಿಗೂ ಪ್ರತಿ ಕೊಂಡಿಗೂ ಎರಡು ಸಾಲಿನ ಅರ್ಥ, ಒಂದು ಸರಿಯಾದ ಉದಾಹರಣೆ, ಒಂದು ತಪ್ಪು ಉದಾಹರಣೆ ಬರೆದಿಡಬೇಕು. ತಪ್ಪು ಉದಾಹರಣೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕೊಂಡಿಗೂ ಒಂದು ಕಾರಣದ ಪೆಟ್ಟಿಗೆ ಕೊಡಿ. ‘ಈ ಭಾಗ ಈ ರಿಕ್ವೈರ್‌ಮೆಂಟನ್ನು ಪೂರೈಸುತ್ತದೆ’ ಎಂಬ ಬಾಣದ ಮೇಲೆ ‘ಹೇಗೆ’ ಎಂಬ ಒಂದು ಸಾಲು. ಬರೆಯಲು ಹೋದಾಗಲೇ ಎಷ್ಟೋ ಬಾಣಗಳು ಸುಳ್ಳೆಂದು ತಿಳಿಯುತ್ತದೆ. ಎಲ್ಲ ಕೊಂಡಿಗೂ ಇದನ್ನು ಕಡ್ಡಾಯ ಮಾಡಿದರೆ ಜನ ‘ಮೇಲಿನಂತೆ’ ಎಂದು ನಕಲು ಹೊಡೆಯಲು ತೊಡಗುತ್ತಾರೆ. ಸುರಕ್ಷತೆಗೆ ಸಂಬಂಧಿಸಿದವಕ್ಕೆ, ಒಂದು ತಂಡದಿಂದ ಇನ್ನೊಂದು ತಂಡಕ್ಕೆ ದಾಟುವವಕ್ಕೆ ಕಡ್ಡಾಯ ಮಾಡಿದರೆ ಸಾಕು.

ಹಳೆಯ ವರ್ಡ್, ಎಕ್ಸೆಲ್ ಕಡತಗಳನ್ನು ಮಾದರಿಗೆ ಇಳಿಸುವುದು ಬೇಸರದ ಕೆಲಸ, ಅವಸರ ಮಾಡಿದಷ್ಟೂ ಕೆಡುತ್ತದೆ. ಮೂರು ಸಾವಿರ ಸಾಲುಗಳನ್ನು ಒಮ್ಮೆಗೇ ಸುರಿಯಬೇಡಿ. ಇಂಟರ್‌ಫೇಸ್ ಹೆಚ್ಚಿರುವ ಒಂದು ಉಪವ್ಯವಸ್ಥೆಯಿಂದ ಐವತ್ತು ರಿಕ್ವೈರ್‌ಮೆಂಟ್ ಆಯ್ದು ಕೈಯಾರೆ ಇಳಿಸಿ ನೋಡಿ. ಆಗ ಗೊತ್ತಾಗುತ್ತದೆ: ತಲೆಬರಹಗಳೂ ರಿಕ್ವೈರ್‌ಮೆಂಟ್ ಎಂದು ಎಣಿಕೆಗೆ ಬಂದಿವೆ, ಒಂದೇ ವಾಕ್ಯದಲ್ಲಿ ಮೂರು ‘ಬೇಕು’ ಇವೆ, ಕೋಷ್ಟಕದ ಪ್ರತಿ ಸಾಲೂ ಒಂದು ರಿಕ್ವೈರ್‌ಮೆಂಟ್ ಆಗಿದ್ದರೂ ಇಡೀ ಕೋಷ್ಟಕಕ್ಕೆ ಒಂದೇ ಸಂಖ್ಯೆ ಇದೆ, ‘ಮೇಲೆ ಹೇಳಿದ ಸ್ಥಿತಿಯಲ್ಲಿ’ ಎಂಬ ಮಾತು ಬಿಡಿಸಿ ತೆಗೆದೊಡನೆ ಅನಾಥವಾಗುತ್ತದೆ. ಒಡೆದ ವಾಕ್ಯಗಳಿಗೆ ಹೊಸ ಸಂಖ್ಯೆ ಕೊಡಿ, ಹಳೆಯದನ್ನು ‘ಇವುಗಳಾಗಿ ಒಡೆಯಿತು’ ಎಂದು ಗುರುತಿಸಿ ಮುಚ್ಚಿ. ಗುರುತು ಸಂಖ್ಯೆಯಲ್ಲಿ ಅಧ್ಯಾಯದ ಕ್ರಮಾಂಕವನ್ನೋ ತಂಡದ ಹೆಸರನ್ನೋ ತುರುಕಬಾರದು. ತಂಡ ಬದಲಾದಾಗ ಸಂಖ್ಯೆ ಸುಳ್ಳು ಹೇಳತೊಡಗುತ್ತದೆ. ಅರ್ಥವಿಲ್ಲದ ಸಂಖ್ಯೆಯೇ ಒಳ್ಳೆಯ ಸಂಖ್ಯೆ, ಮತ್ತು ಒಮ್ಮೆ ಬಳಸಿದ್ದನ್ನು ಇನ್ನೆಂದೂ ಮರುಬಳಸಬಾರದು.

ಬೇರೆ ಸಂಸ್ಥೆಯ ಜೊತೆ ಕೊಡುಕೊಳ್ಳುವಾಗ 2011ರಿಂದ ಒಎಂಜಿ ಎಂಬ ಮಾನದಂಡ ಸಂಸ್ಥೆಯ ಮಾನದಂಡವಾಗಿರುವ ರಿಕ್‌ಐಎಫ್ ಕಡತ ಬಳಕೆಯಲ್ಲಿದೆ. ಜರ್ಮನಿಯ ಕಾರು ಉದ್ಯಮದಲ್ಲಿ ಹುಟ್ಟಿದ್ದು. ಅದು ಮಾಹಿತಿಯನ್ನು ಸಾಗಿಸುತ್ತದೆ, ಅರ್ಥವನ್ನಲ್ಲ. ಅವರ ‘ಒಪ್ಪಿತ’ ನಿಮ್ಮ ‘ಪರಿಶೀಲಿತ’ಕ್ಕೆ ಸಮವೇ ಎಂಬುದನ್ನು ಕೂತು ಮಾತಾಡಿಯೇ ನಿರ್ಧರಿಸಬೇಕು. ಕಳಿಸಿದ ಗುಂಪಿನ ಹೊರಗಿರುವ ವಸ್ತುವಿಗೆ ಹೋಗುವ ಕೊಂಡಿ ದಾರಿಯಲ್ಲಿ ಕಳಚುತ್ತದೆ. ಕಡತದೊಳಗೆ ಅಂಟಿಸಿದ ಚಿತ್ರಗಳು, ಕೋಷ್ಟಕಗಳು ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ರೂಪ ಬದಲಿಸಿರುತ್ತವೆ. ಹತ್ತು ರಿಕ್ವೈರ್‌ಮೆಂಟ್ ಕಳಿಸಿ, ವಾಪಸು ತರಿಸಿ, ಸಾಲು ಸಾಲಾಗಿ ಹೋಲಿಸಿ ನೋಡಿದ ಮೇಲೆಯೇ ದೊಡ್ಡ ವಿನಿಮಯಕ್ಕೆ ಕೈಹಾಕುವುದು ಒಳಿತು.

ಇಷ್ಟೆಲ್ಲ ಕಟ್ಟಿದ ಮೇಲೆ ಮೊದಲು ಎದುರಾಗುವ ಕಾಯಿಲೆ ‘ಅನುಮಾನದ ಕೊಂಡಿ’ಗಳ ನೆರೆ. ಒಂದು ತುದಿ ಬದಲಾದರೆ ಇನ್ನೊಂದು ತುದಿಗೆ ಎಚ್ಚರಿಕೆಯ ಬಾವುಟ ಏರಬೇಕು ಎಂಬುದು ಒಳ್ಳೆಯ ನಿಯಮವೇ. ಆದರೆ ಅಕ್ಷರದೋಷ ತಿದ್ದಿದ್ದಕ್ಕೂ ಬಾವುಟ, ಪರಿಶೀಲಕರ ಹೆಸರು ಬದಲಾದದ್ದಕ್ಕೂ ಬಾವುಟ. ಒಂದು ವಾರದಲ್ಲಿ ಸಾವಿರ ಏರಿರುತ್ತವೆ. ಶುಕ್ರವಾರ ಸಂಜೆ ಯಾರೋ ಎಲ್ಲವನ್ನೂ ಆಯ್ಕೆ ಮಾಡಿ ಒಂದೇ ಏಟಿಗೆ ಇಳಿಸುತ್ತಾರೆ, ಅದರಲ್ಲಿ ಆ ಅರ್ಧ ಸೆಕೆಂಡೂ ಹೋಗುತ್ತದೆ. ಯಾವ ಗುಣ ಬದಲಾದರೆ ಬಾವುಟ ಏರಬೇಕು ಎಂಬುದನ್ನು ಮಾದರಿಯಲ್ಲೇ ನಿಗದಿ ಮಾಡಿ: ಪರಿಮಾಣದ ಮೌಲ್ಯ, ಷರತ್ತು, ಊಹೆಯ ಸ್ಥಿತಿ, ಇಂಟರ್‌ಫೇಸಿನ ಆವೃತ್ತಿ. ವಾಕ್ಯ ಬದಲಾದಾಗ ಬದಲಾಯಿಸಿದವರೇ ‘ಅರ್ಥ ಬದಲಾಗಿದೆ’ ಅಥವಾ ‘ಮಾತು ಮಾತ್ರ ಬದಲಾಗಿದೆ’ ಎಂದು ಹೇಳಬೇಕು. ಎರಡನೆಯದನ್ನು ಇನ್ನೊಬ್ಬರು ಒಪ್ಪಬೇಕು.

ಇನ್ನೊಂದು ಕಾಯಿಲೆ ನೂರಕ್ಕೆ ನೂರು ಎಂಬ ಹೆಮ್ಮೆ. ಪ್ರತಿ ರಿಕ್ವೈರ್‌ಮೆಂಟ್‌ಗೂ ಒಂದು ಪರೀಕ್ಷೆಯ ಕೊಂಡಿ ಇದೆ ಎಂದು ವರದಿ ಹೇಳುತ್ತದೆ. ಕೊಂಡಿ ಇದೆ ಅಂದರೆ ಪರೀಕ್ಷೆ ಸಾಕಷ್ಟಿದೆ ಎಂದಾಗಲಿಲ್ಲ. ಪರೀಕ್ಷೆ ನಡೆದದ್ದು ಈಗಿನ ವಿನ್ಯಾಸದ ಮೇಲೆ ಎಂದೂ ಆಗಲಿಲ್ಲ. ಪೋಲಾರ್ ಲ್ಯಾಂಡರಿನ ಕಾಲು ಬಿಚ್ಚುವ ಪರೀಕ್ಷೆಯೇ ನೋಡಿ: ಮೊದಲ ಸಲ ಸೆನ್ಸರ್ ತಂತಿಗಳ ಜೋಡಣೆ ತಪ್ಪಿತ್ತು, ಸುಳ್ಳು ಸಂಕೇತ ಕಾಣಿಸಲಿಲ್ಲ. ತಂತಿ ಸರಿಪಡಿಸಿದರು, ಪರೀಕ್ಷೆಯನ್ನು ಮರಳಿ ಮಾಡಲಿಲ್ಲ. ಅದಕ್ಕೇ ‘ಪರೀಕ್ಷೆ’ ಬೇರೆ ವಸ್ತು, ‘ಫಲಿತಾಂಶ’ ಬೇರೆ ವಸ್ತು ಆಗಿರಬೇಕು. ಫಲಿತಾಂಶದಿಂದ ಮೂರು ಕೊಂಡಿ ಕಡ್ಡಾಯ: ಯಾವ ಪರೀಕ್ಷೆಯ ಯಾವ ಆವೃತ್ತಿ, ರಿಕ್ವೈರ್‌ಮೆಂಟ್‌ನ ಯಾವ ಆವೃತ್ತಿ, ಯಂತ್ರದ ಯಾವ ಜೋಡಣೆ. ಮೂರರಲ್ಲಿ ಒಂದು ಬದಲಾದರೂ ಹಸಿರು ತಾನಾಗಿ ಹಳದಿಯಾಗಬೇಕು.

ಅತಿಯಾಗುವುದೂ ಉಂಟು. ಪ್ರತಿ ರಿಕ್ವೈರ್‌ಮೆಂಟ್‌ಗೆ ನಲವತ್ತು ಅಂಕಣ ಇಟ್ಟು ಆರನ್ನು ಮಾತ್ರ ತುಂಬುವ ಮಾದರಿಗಳಿಗೆ ಕೊರತೆಯಿಲ್ಲ. ಯಾವ ಪ್ರಶ್ನೆಗೂ ಉತ್ತರ ಕೊಡದ, ಯಾವ ನಿರ್ಧಾರಕ್ಕೂ ಬಳಕೆಯಾಗದ ಅಂಕಣವನ್ನು ಎರಡು ವಿಮರ್ಶಾ ಸಭೆ ನೋಡಿ ತೆಗೆದುಹಾಕಿ. ಅರೆಬರೆ ತುಂಬಿದ ಅಂಕಣ ಖಾಲಿಗಿಂತ ಕೆಟ್ಟದ್ದು, ಏಕೆಂದರೆ ಅದನ್ನು ನಂಬುವವರಿರುತ್ತಾರೆ.

2025ರಲ್ಲಿ ಒಎಂಜಿ ಅಧಿಕೃತವಾಗಿ ಅಂಗೀಕರಿಸಿದ ಸಿಸ್‌ಎಂಎಲ್‌ನ ಎರಡನೇ ಆವೃತ್ತಿ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ. ಮೊದಲ ಆವೃತ್ತಿಯಲ್ಲಿ ರಿಕ್ವೈರ್‌ಮೆಂಟ್ ಅಂದರೆ ಒಂದು ಗುರುತು ಸಂಖ್ಯೆ, ಒಂದು ಪಠ್ಯ. ಈಗ ಅದು ನಿರ್ಬಂಧದ ಒಂದು ಬಗೆ. ಯಾವುದರ ಬಗ್ಗೆ ಎಂಬುದು ಒಂದು ಭಾಗ, ಏನನ್ನು ಊಹಿಸಿದ್ದೇವೆ ಎಂಬುದು ಇನ್ನೊಂದು, ಏನು ಬೇಕು ಎಂಬುದು ಮತ್ತೊಂದು. ಒಣ ಹಳಿ ಎಲ್ಲಿ ಕೂರಬೇಕೆಂದು ಭಾಷೆಯೇ ಜಾಗ ತೋರಿಸುತ್ತದೆ. ಜಾಗ ಇದ್ದ ಮಾತ್ರಕ್ಕೆ ಯಾರೂ ತುಂಬುವುದಿಲ್ಲ, ಅದು ಬೇರೆ ಮಾತು. ಇರುವ ಉಪಕರಣದಲ್ಲೇ ಊಹೆಗೆ ಒಂದು ವಸ್ತು ಬಗೆಯನ್ನು ಇವತ್ತೇ ಸೇರಿಸಬಹುದು, ಹೊಸ ಭಾಷೆಗೆ ಕಾಯಬೇಕಾಗಿಲ್ಲ.

ಕಟ್ಟಿದ ಮಾದರಿ ಕೆಲಸಕ್ಕೆ ಬರುತ್ತದೆಯೇ ಎಂದು ನೋಡಲು ಒಂದು ಅಗ್ಗದ ಪರೀಕ್ಷೆ ಇದೆ. ಈಗಾಗಲೇ ಜಾರಿಯಾಗಿ ಮುಗಿದ ಹತ್ತು ಬದಲಾವಣೆಗಳನ್ನು ಆರಿಸಿಕೊಳ್ಳಿ. ಬದಲಾವಣೆಗೆ ಮುಂಚಿನ ಬೇಸ್‌ಲೈನಿಗೆ, ಅಂದರೆ ಆಗ ಒಪ್ಪಿ ಕಾದಿಟ್ಟ ಆವೃತ್ತಿಗೆ, ಹೋಗಿ, ‘ಇದು ಬದಲಾದರೆ ಏನೇನು ಮುಟ್ಟಬೇಕು’ ಎಂದು ಮಾದರಿಯನ್ನೇ ಕೇಳಿ. ಬಂದ ಪಟ್ಟಿಯನ್ನು ನಿಜವಾಗಿ ಮುಟ್ಟಬೇಕಾಗಿ ಬಂದವುಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಮಾದರಿ ಹೇಳಿದ್ದು ಬಹಳ ಹೆಚ್ಚಾಗಿದ್ದರೆ ಸಡಿಲ ಕೊಂಡಿಗಳು ಜಾಸ್ತಿ ಇವೆ. ಕಡಿಮೆ ಹೇಳಿದ್ದರೆ ಬಿಟ್ಟುಹೋದವು ಯಾವುವೆಂದು ಗುಂಪು ಮಾಡಿ. ಹೆಚ್ಚಾಗಿ ಸಿಗುವುದು ಪರೀಕ್ಷಾ ಬೆಂಚಿನ ಜೋಡಣೆ, ನಿರ್ವಹಣಾ ಕೈಪಿಡಿಯ ಒಂದು ಪುಟ, ಬಿಡಿಭಾಗಗಳ ಪಟ್ಟಿ, ಮತ್ತು ಯಾರೂ ಬರೆದಿಡದ ಒಂದೆರಡು ಊಹೆಗಳು. ಮುಂದಿನ ಆವೃತ್ತಿಯ ಮಾದರಿಗೆ ಸೇರಬೇಕಾದ ವಸ್ತುಗಳ ಪಟ್ಟಿಯೂ ಅದೇ.